ಏರು ಹತ್ತುವಾಗ ಎಎಂಟಿ ಗಾಡಿ ನ್ಯೂಟ್ರಲ್ ಆಗುತ್ತಿದೆ, ವಾರಂಟಿ ಇದ್ದರೂ 'ಓಕೆ' ಅಂತ ವಾಪಸ್ ಕೊಡುತ್ತಾರೆ. ಕೇಸ್ ಹಾಕಬಹುದಾ?

ಗುಬ್ಬಿ ಗೇಟ್ (ತುಮಕೂರು):
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಬೆಂಗಳೂರಿನ ಶೋರೂಮಿನಿಂದ ಎಎಂಟಿ ಗೇರಿನ (ಕ್ಲಚ್ ಇಲ್ಲದೆ ಗೇರ್ ತಾನಾಗಿ ಬದಲಾಗುವ) ಹೊಸ ಕಾರು ತಗೊಂಡೆವು. 9 ಲಕ್ಷದ 40 ಸಾವಿರ ಆಯಿತು. ಓಡಿರುವುದು 11,000 ಕಿ.ಮೀ. ವಾರಂಟಿ ಇನ್ನೂ ಒಂದು ವರ್ಷದ ಮೇಲೆ ಇದೆ.

ಮೊದಲ ಸಲ ದೇವರಾಯನದುರ್ಗದ ಬೆಟ್ಟ ಹತ್ತುವಾಗ ಆಯಿತು. ತಿರುವಿನಲ್ಲಿ ಎರಡನೇ ಗೇರಲ್ಲಿದ್ದೆ. ಮೀಟರಲ್ಲಿ 2 ಅಂತ ಇದ್ದದ್ದು ಇದ್ದಕ್ಕಿದ್ದಂತೆ 'ಎನ್' ಆಯಿತು. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಮಾತ್ರ, ಗಾಡಿ ಹಿಂದಕ್ಕೆ ಜಾರುತ್ತಿದೆ. ಹಿಂದೆ ಟೆಂಪೋ ಬರುತ್ತಿತ್ತು. ಹಿಂದಿನ ಸೀಟಲ್ಲಿ ಅಮ್ಮ ಕೂತಿದ್ದರು. ಹ್ಯಾಂಡ್‌ಬ್ರೇಕ್ ಎಳೆದು, ಇಗ್ನಿಷನ್ ಆಫ್ ಮಾಡಿ ಮತ್ತೆ ಆನ್ ಮಾಡಿದ ಮೇಲೆ ಗೇರ್ ಬಿತ್ತು. ಆಮೇಲೆ ಡಾಬಸ್‌ಪೇಟೆ ಫ್ಲೈಓವರ್ ಮೇಲೂ ಒಮ್ಮೆ ಹೀಗೇ ಆಯಿತು.

ನಾಲ್ಕು ಸಲ ಸರ್ವಿಸ್ ಸೆಂಟರಿಗೆ ಬಿಟ್ಟಿದ್ದೇನೆ. ಎರಡು ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರು. ಜಾಬ್ ಕಾರ್ಡಲ್ಲಿ (ದೂರು, ಮಾಡಿದ ಕೆಲಸ ಬರೆಯುವ ಚೀಟಿ) ಮಾತ್ರ ಪ್ರತಿ ಸಲ 'ಚೆಕ್ಡ್, ಫೌಂಡ್ ಓಕೆ' ಅಂತಲೇ ಬರೆದಿದ್ದಾರೆ. ಅಮ್ಮ ಈಗ ಆ ಗಾಡಿ ಹತ್ತುವುದೇ ಇಲ್ಲ. ಕೇಸ್ ಹಾಕಿದರೆ ಬೆಂಗಳೂರಿಗೆ ಅಲೆಯಬೇಕು, ಲಾಯರ್ ಫೀಸೇ ಜಾಸ್ತಿ ಆಗುತ್ತದೆ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ನಿಜವಾ? ಹೊಸ ಗಾಡಿ ಕೇಳಬಹುದಾ?

ಶಿರಾ ರೋಡ್:
ಸುಮ್ನೆ ಮಾರಿಬಿಡಿ ಸರ್. ಜೀವಕ್ಕಿಂತ ಗಾಡಿ ದೊಡ್ಡದಲ್ಲ.

ಕೋಲಾರ ಮೆಕ್ಯಾನಿಕ್:
ದಯವಿಟ್ಟು ಮಾರಬೇಡಿ. ಅದೇ ಗಾಡಿಯಲ್ಲಿ ಇನ್ನೊಬ್ಬರು ಮನೆಯವರನ್ನು ಕೂರಿಸಿಕೊಂಡು ನಂದಿ ಬೆಟ್ಟಕ್ಕೆ ಹೋಗುತ್ತಾರೆ. ನಿಮಗೂ ಕೇಸಲ್ಲಿ ತೋರಿಸುವುದಕ್ಕೆ ಗಾಡಿ ಇರುವುದಿಲ್ಲ.

ಎಎಂಟಿ ಅಂದರೆ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ಹಾಕುವ ಕೆಲಸವನ್ನು ನಮ್ಮ ಕಾಲು, ಕೈ ಬದಲು ಆಕ್ಚುಯೇಟರ್ ಅನ್ನುವ ಭಾಗ ಮಾಡುತ್ತದೆ. ಅದರಲ್ಲಿ ಪ್ರೆಶರ್ ಇಳಿದರೆ, ಸೆನ್ಸರ್ ತಪ್ಪು ಹೇಳಿದರೆ, ಕಂಪ್ಯೂಟರ್ ಗೇರ್ ಬಿಟ್ಟು ನ್ಯೂಟ್ರಲ್‌ಗೆ ತರುತ್ತದೆ. ಹಾಗೆ ಆದಾಗ ಸಾಮಾನ್ಯವಾಗಿ ಗಾಡಿಯ ಕಂಪ್ಯೂಟರಲ್ಲಿ ಒಂದು ಫಾಲ್ಟ್ ಕೋಡ್ (ದೋಷ ಏನು ಅಂತ ಹೇಳುವ ಗುರುತು) ಉಳಿಯುತ್ತದೆ. ಸ್ಕ್ಯಾನರ್ ಹಾಕಿ ಅದನ್ನು ಅಳಿಸಿಬಿಟ್ಟರೆ ಗಾಡಿ 'ಓಕೆ'. ಅದಕ್ಕೇ ಹೇಳುತ್ತೇನೆ, ಕೋಡ್ ಅಳಿಸುವ ಮೊದಲೇ ಸ್ಕ್ಯಾನ್ ರಿಪೋರ್ಟ್ ಪ್ರಿಂಟ್ ಕೇಳಿ. ನಿಮ್ಮೆದುರಿಗೇ ತೆಗೆಸಿ.

ಹೊರಗಡೆ ಎಲ್ಲೂ ಗೇರ್‌ಬಾಕ್ಸ್ ಬಿಚ್ಚಿಸಬೇಡಿ. ವೈರ್ ಕತ್ತರಿಸಿ ಹಾರ್ನು, ಲೈಟು ಹಾಕಿಸಬೇಡಿ. ವಾರಂಟಿ ಇಲ್ಲ ಅನ್ನುವುದಕ್ಕೆ ಅವರಿಗೆ ಅಷ್ಟೇ ಸಾಕು.

ಚಿಂತಾಮಣಿ ಸವಾರ:
ನಾನು ಇದೇ ದಾರಿಯಲ್ಲಿ ನಡೆದು ಬಂದವನು. ನನ್ನ ಗಾಡಿ ಸಾವಿರ ಕಿ.ಮೀ.ಗೆ ಒಂದು ಲೀಟರ್ ಎಂಜಿನ್ ಆಯಿಲ್ ಕುಡಿಯುತ್ತಿತ್ತು. ಚಿಕ್ಕಬಳ್ಳಾಪುರದ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ನಾನೇ ನಿಂತು ವಾದ ಮಾಡಿದೆ. ಲಾಯರ್ ಇರಲೇಬೇಕು ಅಂತ ಏನೂ ಇಲ್ಲ.

ಬೆಂಗಳೂರಿನ ಮಾತು ಮೊದಲು ಮನಸ್ಸಿನಿಂದ ತೆಗೆದುಹಾಕಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರ 34ನೇ ಸೆಕ್ಷನ್ ಪ್ರಕಾರ ನೀವು ವಾಸ ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ನಿಮಗೆ ತುಮಕೂರೇ. ಅವರೇ ನಿಮ್ಮ ಊರಿಗೆ ಬರಬೇಕು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ನೋಡುತ್ತದೆ. ಫೀಸು 5 ಲಕ್ಷದವರೆಗೆ ಇಲ್ಲವೇ ಇಲ್ಲ, 5ರಿಂದ 10 ಲಕ್ಷದ ತನಕ 200 ರೂಪಾಯಿ. ನಿಮಗೆ ಆಗುವುದು ಅಷ್ಟೇ. ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು, ಇದನ್ನು ಮರೆಯಬೇಡಿ. 'ಮುಂದಿನ ಸರ್ವಿಸಲ್ಲಿ ನೋಡೋಣ' ಅನ್ನುತ್ತಾ ಆ ಎರಡು ವರ್ಷವನ್ನು ಅವರೇ ತಿಂದುಬಿಡುತ್ತಾರೆ.

ಹೊಸ ಗಾಡಿ ಸಿಗುತ್ತದಾ ಅಂತ ಕೇಳಿದಿರಿ. ಕಾನೂನಲ್ಲಿ ಅವಕಾಶ ಇದೆ: ದೋಷ ಸರಿ ಮಾಡು, ಬದಲಿ ಕೊಡು, ಹಣ ವಾಪಸ್ ಕೊಡು, ಪರಿಹಾರ ಕೊಡು, ಎಲ್ಲವನ್ನೂ ಆಯೋಗ ಹೇಳಬಹುದು. ಆದರೆ ಅಮೆರಿಕದಲ್ಲಿ ಇರುವ ಹಾಗೆ 'ಇಷ್ಟು ಸಲ ರಿಪೇರಿ ಆದರೆ ಗಾಡಿ ವಾಪಸ್' ಅನ್ನುವ ಕಾನೂನು ನಮ್ಮಲ್ಲಿಲ್ಲ. 2006ರಲ್ಲಿ ಮಾರುತಿ ಕಾರಿನ ಕ್ಲಚ್ ಕೇಸಲ್ಲಿ ಸುಪ್ರೀಂ ಕೋರ್ಟು ವಾರಂಟಿ ಷರತ್ತಿನಂತೆ ಕೆಟ್ಟ ಭಾಗ ಬದಲಿಸಿದರೆ ಸಾಕು, ಇಡೀ ಗಾಡಿ ಬೇಡ ಅಂದಿತು. 2022ರಲ್ಲಿ ಹ್ಯುಂಡೈ ಕ್ರೆಟಾ ಕೇಸು ಬಂತು. ಅಪಘಾತದಲ್ಲಿ ಏರ್‌ಬ್ಯಾಗ್ ಬಿಚ್ಚಿರಲಿಲ್ಲ. ಡಿಕ್ಕಿಯ ವೇಗ, ಬಲ ಲೆಕ್ಕ ಹಾಕುವುದಕ್ಕೆ ಗ್ರಾಹಕ ಭೌತಶಾಸ್ತ್ರದ ಪಂಡಿತ ಅಲ್ಲ ಅಂತ ಅದೇ ಕೋರ್ಟು ಹೇಳಿ, ಗಾಡಿ ಬದಲಿಸುವ ಆದೇಶವನ್ನು ಎತ್ತಿಹಿಡಿಯಿತು. ನಿಮ್ಮದೂ ಜೀವಕ್ಕೆ ಸಂಬಂಧಪಟ್ಟ ದೋಷ. ದೂರಿನಲ್ಲಿ ಅದನ್ನೇ ಮೊದಲು ಬರೆಯಿರಿ. ಆ ಟೆಂಪೋ ವಿಷಯವನ್ನೂ ಬರೆಯಿರಿ. ಮೊದಲು ಗಾಡಿ ಬದಲಿ ಕೇಳಿ, ಇಲ್ಲದಿದ್ದರೆ ಹಣ, ಅದೂ ಆಗದಿದ್ದರೆ ಹೊಸ ಗೇರ್‌ಬಾಕ್ಸ್ ಜೊತೆ ಪರಿಹಾರ ಅಂತ ಮೂರನ್ನೂ ಕೇಳಿ. ಡೀಲರ್, ಕಂಪನಿ ಇಬ್ಬರ ಮೇಲೂ ಹಾಕಿ. ಒಬ್ಬರನ್ನು ಬಿಟ್ಟರೆ ಇನ್ನೊಬ್ಬರು ಅವರ ಕಡೆ ಬೆರಳು ತೋರಿಸುತ್ತಾರೆ.

ತಯಾರಿಕೆಯ ದೋಷ ಅಂತ ತೋರಿಸಬೇಕಾದ ಹೊಣೆ ನಮ್ಮದೇ. ಇಲ್ಲೇ ಜಾಸ್ತಿ ಜನ ಸೋಲುವುದು. ತಜ್ಞರಿಂದ ಪರೀಕ್ಷೆ ಮಾಡಿಸಿ ಅಂತ 38ನೇ ಸೆಕ್ಷನ್ ಹಿಡಿದು ಒಂದು ಅರ್ಜಿ ಕೊಡಿ. ನನ್ನ ಕೇಸಲ್ಲಿ ಎಂಜಿನಿಯರಿಂಗ್ ಕಾಲೇಜಿನ ಮೆಕ್ಯಾನಿಕಲ್ ಪ್ರೊಫೆಸರ್ ಒಬ್ಬರನ್ನು ನೇಮಿಸಿದರು. ಅವರು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದು, ಬಟ್ಟೆಯಲ್ಲಿ ಒರೆಸಿ, ಗುರುತು ಮಾಡಿ, 500 ಕಿ.ಮೀ. ಓಡಿಸಿ ಮತ್ತೆ ಎಳೆದು ನೋಡಿದರು. ಆ ಎರಡು ಪುಟದ ವರದಿಯೇ ಕೇಸ್ ಗೆಲ್ಲಿಸಿತು. ನನಗೆ ಹೊಸ ಗಾಡಿ ಬರಲಿಲ್ಲ. ಎಂಜಿನ್ ಬದಲಾಯಿತು, ಪರಿಹಾರ ಬಂತು. ಪರೀಕ್ಷೆ ಬೇಕಾದ ಕೇಸು 5 ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆ ಹೇಳುತ್ತದೆ, ನನಗೆ ಒಂದು ವರ್ಷ ಎಂಟು ತಿಂಗಳು ಹಿಡಿಯಿತು.

ಕೇಸ್ ಹಾಕುವ ಮೊದಲು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರು ಆದೇಶ ಕೊಡುವುದಿಲ್ಲ, ಆದರೆ ದೂರನ್ನು ಕಂಪನಿಗೆ ಮುಟ್ಟಿಸುತ್ತಾರೆ, ನಿಮಗೆ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಸಿಗುತ್ತದೆ. ಆಮೇಲೆ 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟಲ್ಲಿ ನೋಟಿಸ್ ಕಳಿಸಿ.

ಗುಬ್ಬಿ ಗೇಟ್:
ಅಣ್ಣ, ನಿಮ್ಮ ಮಾತು ಓದಿ ಧೈರ್ಯ ಬಂತು. ಆದರೆ ನಾಲ್ಕು ಜಾಬ್ ಕಾರ್ಡಲ್ಲೂ 'ಓಕೆ' ಅಂತ ಇದೆಯಲ್ಲ? ಅದು ನನಗೇ ತಿರುಗಿ ಬೀಳುವುದಿಲ್ಲವಾ?

ಚಿಂತಾಮಣಿ ಸವಾರ:
ಬೀಳುತ್ತದೆ, ಆದರೆ ಸರಿ ಮಾಡಬಹುದು. ಒಂದೇ ದೂರಿಗೆ ನಾಲ್ಕು ಸಲ ಗಾಡಿ ಬಂದಿದೆ ಅನ್ನುವುದಕ್ಕೆ ಅದೇ ಕಾರ್ಡುಗಳು ಸಾಕ್ಷಿ, ಒಂದನ್ನೂ ಎಸೆಯಬೇಡಿ. ಐದನೇ ಸಲ ಹೋದಾಗ ಅಡ್ವೈಸರ್ 'ಗೇರ್ ಚೆಕ್' ಅಂತ ಬರೆದರೆ ಬಿಡಬೇಡಿ. ನೀವು ಹೇಳಿದ್ದನ್ನು ಹೇಳಿದ ಹಾಗೇ ಬರೆಸಿ. ಬರೆಯುವುದಿಲ್ಲ ಅಂದರೆ ಅಲ್ಲೇ ನಿಂತು ಅವರ ಇಮೇಲಿಗೆ ಕಳಿಸಿ. ಗಾಡಿ ತಗೊಳ್ಳುವಾಗ 'ತೃಪ್ತಿಯಾಗಿದೆ' ಅನ್ನುವ ಜಾಗದಲ್ಲಿ ಸಹಿ ಹಾಕಿಸಿಕೊಳ್ಳುತ್ತಾರೆ. ಅದರ ಪಕ್ಕದಲ್ಲೇ 'ಸಮಸ್ಯೆ ಹಾಗೇ ಇದೆ' ಅಂತ ಕೈಯಲ್ಲಿ ಬರೆದು ಸಹಿ ಮಾಡಿ. ಟೆಸ್ಟ್ ಡ್ರೈವಿಗೆ ಸಪಾಟು ರಸ್ತೆ ಒಪ್ಪಬೇಡಿ, ದೇವರಾಯನದುರ್ಗಕ್ಕೇ ಕರೆದುಕೊಂಡು ಹೋಗಿ.

ಗುಬ್ಬಿ ಗೇಟ್ (ಹನ್ನೆರಡು ದಿನದ ನಂತರ):
ಹೋಗಿ ಬಂದೆ. ಜಾಬ್ ಕಾರ್ಡಲ್ಲಿ ಈಗ ಹೀಗಿದೆ: 'ಏರಿನಲ್ಲಿ 2ನೇ ಗೇರಿನಿಂದ ತಾನಾಗಿ ನ್ಯೂಟ್ರಲ್ ಆಗುತ್ತದೆ, ಗಾಡಿ ಹಿಂದಕ್ಕೆ ಜಾರುತ್ತದೆ, 5ನೇ ದೂರು.' ಬರೆಸುವುದಕ್ಕೆ ಮುಕ್ಕಾಲು ಗಂಟೆ ಕೂತಿದ್ದೆ. ಟೆಕ್ನಿಷಿಯನ್ ಬೆಟ್ಟಕ್ಕೆ ಬಂದರು. ಮೂರನೇ ಸಲ ಹತ್ತುವಾಗ ಮತ್ತೆ ಹಾಗೇ ಆಯಿತು, ಸ್ಟಿಯರಿಂಗ್ ಅವರ ಕೈಯಲ್ಲೇ ಇತ್ತು. ಹ್ಯಾಂಡ್‌ಬ್ರೇಕ್ ಎಳೆದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅವರೇ ಲ್ಯಾಪ್‌ಟಾಪ್ ತೆಗೆದು ಸ್ಕ್ಯಾನ್ ಮಾಡಿದರು.

ಆಕ್ಚುಯೇಟರ್ ಬದಲಿಸುತ್ತೇವೆ ಅಂತ ಬಾಯಲ್ಲಿ ಹೇಳಿದ್ದಾರೆ. ಇಮೇಲಲ್ಲಿ ಕೊಡಿ ಅಂತ ಕೇಳಿದ್ದೇನೆ, ಇನ್ನೂ ಬಂದಿಲ್ಲ. 1915ರಲ್ಲಿ ದೂರು ದಾಖಲಾಗಿದೆ, ನೋಟಿಸ್ ನಾಳೆ ಅಂಚೆಗೆ ಹಾಕುತ್ತೇನೆ. ಸ್ಕ್ಯಾನ್ ರಿಪೋರ್ಟಿನ ಫೋಟೋ ಕೆಳಗೆ ಹಾಕಿದ್ದೇನೆ, ಎರಡು ಕೋಡ್ ಇವೆ. ಕೋಲಾರದ ಅಣ್ಣ, ಒಂದು ಸಲ ನೋಡಿ ಹೇಳಿ.