ಅಪ್‌ಡೇಟ್: ಸ್ಕಾಟ್ಲೆಂಡಿನ ಸ್ಯಾಂಪ್ಲರ್‌ನ ಜೋಡಿ ಅಕ್ಷರಗಳು

ಶಾಲಾ ಹುಡುಗಿಯೊಬ್ಬಳ ಹಳೆಯ ಸ್ಯಾಂಪ್ಲರ್‌ನಲ್ಲಿ, ಅಂದರೆ ಹೊಲಿಗೆ ಕಲಿಯುತ್ತಾ ಮಾಡಿದ ಕಸೂತಿ ಬಟ್ಟೆಯಲ್ಲಿ, ಜೋಡಿ ಅಕ್ಷರಗಳೇಕೆ, ಇಸವಿಯ ಕೊನೆಯ ಎರಡು ಅಂಕಿ ಏಕಿಲ್ಲ ಎಂದು ಕೇಳಿದ್ದೆ. ಎರಡಕ್ಕೂ ಉತ್ತರ ಸಿಕ್ಕಿದೆ.

ಅವು ಮನೆಯವರ ಇನಿಷಿಯಲ್‌ಗಳು. ಮೊದಲ ಎರಡು ಜೋಡಿ ಅಪ್ಪ ಅಮ್ಮನವು. ಅಮ್ಮನದು ತವರಿನ ಅಡ್ಡಹೆಸರು. ಸ್ಕಾಟ್ಲೆಂಡಿನ ದಾಖಲೆಗಳಲ್ಲಿ ಮದುವೆಯಾದ ಮೇಲೂ ಅದೇ ಉಳಿಯುತ್ತಿತ್ತು. ಆ ಹುಡುಗಿ ಯಾರೆಂದು ದಾಖಲೆಗಳಲ್ಲಿ ಹುಡುಕಲು ಇದೇ ದೊಡ್ಡ ಬಲ! ಕಪ್ಪು ದಾರದ ಜೋಡಿ ಎಷ್ಟೋ ಸಲ ತೀರಿಹೋದವರದು. ಆದರೆ ಬಿಸಿಲಿಗೆ ಕಂದಿದ ದಾರ ದಾರಿ ತಪ್ಪಿಸುತ್ತದೆ, ಬಟ್ಟೆಯ ಹಿಂಬದಿಯ ಬಣ್ಣವನ್ನೇ ನಂಬಬೇಕು.

ಅಂಕಿಗಳನ್ನು ಯಾರೋ ಬಿಚ್ಚಿದ್ದಾರೆ, ಬಹುಶಃ ವಯಸ್ಸು ಮುಚ್ಚಿಡಲು. ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಲಿನನ್ ಮೇಲೆ ಸೂಜಿತೂತುಗಳ ಸಾಲು ಕಾಣುತ್ತದೆ. ಒಂದರಲ್ಲಿ ಕೆಂಪು ಎಳೆಯ ಚೂರು ಇನ್ನೂ ಇದೆ.

ಇನ್ನು ಹುಡುಗಿಯ ಜನನದ ದಾಖಲೆ: ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ಜನನ ನೋಂದಣಿ ಶುರುವಾದದ್ದು 1855ರಲ್ಲಿ. ಅದಕ್ಕೂ ಹಿಂದಿನದಕ್ಕೆ ಆಯಾ ಊರಿನ ಚರ್ಚಿನ ದಾಖಲೆ ಪುಸ್ತಕಗಳನ್ನೇ (ಪ್ಯಾರಿಷ್ ಪುಸ್ತಕ) ನೋಡಬೇಕು.