ಬೆಟ್ಟದ ಹಿಮಕ್ಕೆ ಸ್ನೋಮೊಬೈಲ್: ಟ್ರ್ಯಾಕ್ 146, 154, 165 ಇಂಚುಗಳಲ್ಲಿ ಯಾವುದು ಸರಿ?

ಪ್ರಶ್ನೆ

ಮೂರು ಚಳಿಗಾಲಗಳಿಂದ 137 ಇಂಚಿನ ಟ್ರ್ಯಾಕ್ (ಗಾಡಿಯನ್ನು ಹಿಮದ ಮೇಲೆ ಮುಂದಕ್ಕೆ ತಳ್ಳುವ ರಬ್ಬರ್ ಪಟ್ಟಿ) ಇರುವ ಸ್ನೋಮೊಬೈಲ್ ಓಡಿಸುತ್ತಿದ್ದೇನೆ. ಹದಗೊಳಿಸಿದ ಹಾದಿಗಳಲ್ಲಿ ಅದರ ಬಗ್ಗೆ ನನಗೆ ಯಾವ ದೂರೂ ಇಲ್ಲ. ಆದರೆ ಕಳೆದ ವರ್ಷ ಹಾದಿ ಬಿಟ್ಟು ಬೆಟ್ಟ ಹತ್ತುವವರ ಗುಂಪು ಸೇರಿದ ಮೇಲೆ ಒಂದೇ ತೊಂದರೆ ಮತ್ತೆ ಮತ್ತೆ ಎದುರಾಗುತ್ತಿದೆ: ಏರಿನ ಮುಕ್ಕಾಲು ಭಾಗ ಹತ್ತುವಷ್ಟರಲ್ಲಿ ಹಿಂಭಾಗ ಕುಸಿದು, ಟ್ರ್ಯಾಕ್ ತನ್ನ ಕೆಳಗೇ ಕಾಲುವೆ ತೋಡಿಕೊಂಡು, ಮುಂದಿನ ಸ್ಕೀಗಳು ಮೇಲೆದ್ದು ಗಾಡಿ ನಿಂತುಬಿಡುತ್ತದೆ. ಆಮೇಲೆ ಅರ್ಧ ಗಂಟೆ ಸಲಿಕೆಯ ಕೆಲಸ.

ಈ ಸಲ 850 ಸಿಸಿಯ ಬೆಟ್ಟದ ಗಾಡಿಯೊಂದನ್ನು ಕೊಳ್ಳಲು ನಿರ್ಧರಿಸಿದ್ದೇನೆ, ಟರ್ಬೊ ಇಲ್ಲ. ನನ್ನ ತೂಕ 92 ಕಿಲೋ, ಉಡುಪು ಮತ್ತು ಬೆನ್ನಚೀಲ ಸೇರಿದರೆ 105 ದಾಟುತ್ತದೆ. ನಾವು ಓಡಿಸುವ ಜಾಗ 6,000ದಿಂದ 8,000 ಅಡಿ ಎತ್ತರದಲ್ಲಿದ್ದು, ಅರ್ಧದಷ್ಟು ಬಯಲು ಏರು, ಉಳಿದರ್ಧ ದಟ್ಟವಾದ ಸೂಚಿಪರ್ಣಿ ಮರಗಳ ನಡುವಿನ ಇಳಿಜಾರು. ಗುಂಪಿನಲ್ಲಿ ಇಬ್ಬರು 165 ಇಂಚನ್ನೇ ತೆಗೆದುಕೊಳ್ಳಬೇಕೆಂದು ಒತ್ತಾಯಿಸುತ್ತಿದ್ದಾರೆ, ಒಬ್ಬರು 154 ಸಾಕೆನ್ನುತ್ತಾರೆ. ಮೂರನ್ನೂ ಓಡಿಸಿ ನೋಡುವ ಅವಕಾಶ ನನಗಿಲ್ಲ. ಯಾವುದನ್ನು ಮುಖ್ಯವಾಗಿಟ್ಟುಕೊಂಡು ತೀರ್ಮಾನಿಸಬೇಕೆಂದು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ

ನೀವು ಕೇಳಿರುವ ರೀತಿಯಲ್ಲೇ ಅರ್ಧ ಉತ್ತರವಿದೆ, ಏಕೆಂದರೆ ಗಾಡಿ ಎಲ್ಲಿ, ಹೇಗೆ ನಿಲ್ಲುತ್ತದೆ ಎಂಬುದನ್ನು ನೀವು ಗಮನಿಸಿದ್ದೀರಿ. ಹೆಚ್ಚಿನವರು ಅದನ್ನು ನೋಡದೆ, ವರ್ಷದ ಅತಿ ಆಳವಾದ ಹಿಮದ ಒಂದು ದಿನವನ್ನು ನೆನಪಿಟ್ಟುಕೊಂಡು ಉದ್ದವನ್ನು ಆರಿಸುತ್ತಾರೆ. ಉಳಿದ ದಿನಗಳಲ್ಲೆಲ್ಲ ಆ ಉದ್ದವನ್ನು ಹೊತ್ತು ತಿರುಗಿಸುವವರೂ ತಾವೇ ಎಂಬುದು ಅವರಿಗೆ ಆಗ ಹೊಳೆಯುವುದಿಲ್ಲ.

ಮೊದಲು ಲೆಕ್ಕ ಸ್ಪಷ್ಟವಾಗಲಿ. 154 ಅಥವಾ 165 ಎಂಬುದು ಟ್ರ್ಯಾಕ್‌ನ ಪೂರ್ತಿ ಸುತ್ತಳತೆಯೇ ಹೊರತು ಹಿಮದ ಮೇಲೆ ಕೂರುವ ಉದ್ದವಲ್ಲ. ಸುತ್ತಳತೆಗೆ 10 ಇಂಚು ಸೇರಿಸಿದರೆ ಮೇಲಿನ ಓಟಕ್ಕೆ ಐದು, ಕೆಳಗಿನ ಓಟಕ್ಕೆ ಐದು ಹಂಚಿಹೋಗುತ್ತದೆ. 15 ಇಂಚು ಅಗಲದ ಟ್ರ್ಯಾಕ್‌ನಲ್ಲಿ ಆ ಐದು ಇಂಚೆಂದರೆ 75 ಚದರ ಇಂಚಿನಷ್ಟು ಹೆಚ್ಚುವರಿ ಆಸರೆ. ಕೇಳಲು ಇದು ಅಲ್ಪವೆನಿಸುತ್ತದೆ. ಆದರೆ ಹಿಮಕ್ಕೆ ತಾಗುವ ಭಾಗ ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಇರುವುದರಿಂದ, ಆಸರೆ ಹೆಚ್ಚುವ ಪ್ರಮಾಣ ಸುತ್ತಳತೆ ಹೆಚ್ಚಿದ ಪ್ರಮಾಣಕ್ಕಿಂತ ದೊಡ್ಡದೇ ಆಗುತ್ತದೆ. ನಿಮ್ಮ 137ರಿಂದ 154ಕ್ಕೆ ಹೋದರೆ ಕೆಳಗೆ ಎಂಟೂವರೆ ಇಂಚು ಸಿಗುತ್ತದೆ, 154ರಿಂದ 165ಕ್ಕೆ ಇನ್ನೂ ಐದೂವರೆ. ನಿಮ್ಮ ಕಷ್ಟ ಬಹುಪಾಲು ಮೊದಲ ಜಿಗಿತದಲ್ಲೇ ತೀರುತ್ತದೆ ಎಂಬುದು ನನ್ನ ಅಂದಾಜು.

ಇನ್ನು ಎಂಜಿನ್ನಿನ ವಿಷಯ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ ಸುಮಾರು 165 ಅಶ್ವಶಕ್ತಿ ಕೊಡುವ 850 ಸಿಸಿ ಎಂಜಿನ್ ನಿಮ್ಮ 7,000 ಅಡಿಯಲ್ಲಿ 130ರ ಆಸುಪಾಸಿಗೆ ಇಳಿಯುತ್ತದೆ. ಉದ್ದನೆಯ ಟ್ರ್ಯಾಕ್ ತಾನೂ ಭಾರ, ತನ್ನೊಡನೆ ಎಳೆದು ತಿರುಗಿಸುವ ಹಿಮವೂ ಹೆಚ್ಚು. ಬೆಟ್ಟದಲ್ಲಿ ಗಾಡಿ ತೇಲುವುದು ವಿಸ್ತೀರ್ಣದಿಂದ ಮಾತ್ರವಲ್ಲ, ಟ್ರ್ಯಾಕ್ ತಿರುಗುವ ವೇಗದಿಂದಲೂ ಹೌದು. ಎಂಜಿನ್ ಸೋತು ಆ ವೇಗ ಕುಸಿದರೆ ಹೆಚ್ಚುವರಿ ಉದ್ದ ನೆರವಿಗೆ ಬರುವುದಿಲ್ಲ. 850ಕ್ಕೆ 165 ಖಂಡಿತ ಹೊರೆಯಲ್ಲ, ಆದರೆ 600 ಸಿಸಿಯವರಿಗೆ ನಾನು ಅದನ್ನು ಹೇಳುವುದಿಲ್ಲ.

ಕೊನೆಯದಾಗಿ ಒಂದು ಮಾತು. ಮುಂದಿನ ಸಲ ಗಾಡಿ ಹೂತಾಗ ಅದನ್ನು ಎಳೆದು ತೆಗೆದ ಮೇಲೆ ಆ ಗುಂಡಿಯನ್ನು ಒಮ್ಮೆ ಬಗ್ಗಿ ನೋಡಿ. ತಳ ಉಜ್ಜಿ ನಯವಾಗಿ ಗಟ್ಟಿಯಾಗಿದ್ದು, ಗುಂಡಿ ಹಿಂದಕ್ಕೆ ಹೋದಂತೆ ಆಳವಾಗಿದ್ದರೆ, ಗಾಡಿ ಮುಂದೆ ಹೋಗುವುದನ್ನು ನಿಲ್ಲಿಸಿದ ಮೇಲೂ ನೀವು ಥ್ರಾಟಲ್ ಒತ್ತಿಹಿಡಿದಿದ್ದೀರಿ ಎಂದರ್ಥ. ಅದು ಯಾವ ಉದ್ದದ ಟ್ರ್ಯಾಕ್‌ನಲ್ಲೂ ನಡೆಯುತ್ತದೆ. ಇಡೀ ಗಾಡಿ ಮಟ್ಟಸವಾಗಿ ಕುಳಿತಿದ್ದರೆ ಮಾತ್ರ ನಿಮಗೆ ಆಸರೆ ಸಾಲದಾಗಿದೆ. ನಿಮ್ಮ ವಿವರಣೆ ಓದಿದರೆ ಎರಡೂ ಸ್ವಲ್ಪ ಸ್ವಲ್ಪ ಬೆರೆತಿವೆ ಎನಿಸುತ್ತದೆ. ನನ್ನ ಆಯ್ಕೆ 154.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೂ 146ನ್ನು ಯಾರೂ ಪ್ರಸ್ತಾಪಿಸದಿರುವುದು ಸರಿಯಲ್ಲ. ಐದು ವರ್ಷಗಳಿಂದ ನಾನು ಓಡಿಸುವುದು ಅದನ್ನೇ, ಅದೂ ಮುಕ್ಕಾಲು ಪಾಲು ಮರಗಳ ನಡುವೆ. ಅಲ್ಲಿ ಗಾಡಿಯನ್ನು ಒಂದು ಪಕ್ಕಕ್ಕೆ ವಾಲಿಸಿ, ಒಂದೇ ಸ್ಕೀಯ ಅಂಚಿನ ಮೇಲೆ ಇಳಿಜಾರನ್ನು ಅಡ್ಡವಾಗಿ ದಾಟುತ್ತಾ, ಎದುರಿಗೆ ಮರ ಬಂದ ಕ್ಷಣ ಮೇಲಕ್ಕೋ ಕೆಳಕ್ಕೋ ತಿರುವಬೇಕಾಗುತ್ತದೆ. ಗಿಡ್ಡ ಟ್ರ್ಯಾಕ್ ಆ ಕ್ಷಣದಲ್ಲಿ ಮೈಯ ಸಣ್ಣ ಅಲುಗಾಟಕ್ಕೇ ಸ್ಪಂದಿಸುತ್ತದೆ, ಉದ್ದನೆಯದು ತನ್ನ ನೇರ ದಾರಿಯನ್ನು ಬಿಡಲೊಲ್ಲದು. ನಾನು 68 ಕಿಲೋ ತೂಕದವನಾದ್ದರಿಂದ ಇದು ನನಗೆ ಒಗ್ಗಿದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಿಮ್ಮ ತೂಕಕ್ಕೆ 146 ಎಂದರೆ ಆಳದ ಹಿಮದಲ್ಲಿ ಪ್ರತಿ ಏರಿಗೂ ಓಟ ಕಟ್ಟಿಕೊಂಡೇ ಬರಬೇಕಾದೀತು, ನಡುವೆ ನಿಂತರೆ ಮತ್ತೆ ಹೊರಡುವುದು ಕಷ್ಟ.

ಮೂರನೆಯ ಉತ್ತರ

ಉದ್ದದ ಜೊತೆಗೆ ಹಿಮದ ಗುಣವನ್ನೂ ಟ್ರ್ಯಾಕ್‌ನ ರಬ್ಬರ್ ಹಲ್ಲುಗಳನ್ನೂ ನೋಡದೆ ತೀರ್ಮಾನಿಸಬೇಡಿ. ಅಮೆರಿಕದ ಕೊಲೊರಾಡೊ, ಯೂಟಾಗಳ ಒಣ ಪುಡಿಹಿಮದಲ್ಲಿ, ಸುರಿದ ಹೊಸತರಲ್ಲಿ, ನೀರಿನ ಪಾಲು ಶೇಕಡಾ 10ಕ್ಕಿಂತ ಕಡಿಮೆ ಇರುವುದು ಸಾಮಾನ್ಯ. ಅದು ಹೊರೆ ತಾಳುವುದಿಲ್ಲವಾದ್ದರಿಂದ ಅಲ್ಲಿ 165ಕ್ಕೂ 3 ಇಂಚಿನ ಹಲ್ಲಿಗೂ ಅರ್ಥವಿದೆ. ಕ್ಯಾಸ್ಕೇಡ್ ಪರ್ವತಗಳಂಥ ಕರಾವಳಿಗೆ ಹತ್ತಿರದ ಕಡೆಗಳಲ್ಲಿ ಹಿಮ ಭಾರವಾಗಿ, ಒತ್ತೊತ್ತಾಗಿ ಕೂರುತ್ತದೆ. ಅಲ್ಲಿ 154 ಟ್ರ್ಯಾಕ್ ಎರಡೂವರೆ ಇಂಚಿನ ಹಲ್ಲಿನೊಂದಿಗೆ ಚೆನ್ನಾಗಿ ಏರುತ್ತದೆ, ಎಂಜಿನ್ನಿಗೂ ಹಗುರ. ನೀವು ಓಡಿಸುವ ಕಡೆ ಹಿಮವನ್ನು ಕೈಗವಸಿನಲ್ಲಿ ಹಿಡಿದು ಹಿಸುಕಿದಾಗ ಉಂಡೆ ಕಟ್ಟುತ್ತದೆಯೋ, ಬೆರಳುಗಳ ಸಂದಿಯಿಂದ ಉದುರಿಹೋಗುತ್ತದೆಯೋ?

ಹಳೆಯ ಗಾಡಿಗೆ ಬೇರೆ ಟ್ರ್ಯಾಕ್ ಹಾಕುವ ಯೋಚನೆ ಯಾರಿಗಾದರೂ ಇದ್ದರೆ ಪಿಚ್, ಅಂದರೆ ಒಂದು ಹಲ್ಲಿನ ಸಾಲಿನಿಂದ ಮುಂದಿನದಕ್ಕಿರುವ ಅಂತರ, ಓಡಿಸುವ ಚಕ್ರದ ಹಲ್ಲುಗಳಿಗೆ ಹೊಂದಲೇಬೇಕು. ಮೂರೂವರೆ ಇಂಚಿನ ಪಿಚ್ ಇದ್ದು 44 ಸಾಲುಗಳಿದ್ದರೆ ಸರಿಯಾಗಿ 154 ಇಂಚಾಗುತ್ತದೆ. ಬಳಸಿದ ಗಾಡಿ ಕೊಳ್ಳುವಾಗ ಹೀಗೆ ಸಾಲು ಎಣಿಸಿ ನೋಡಿದರೆ ಮೋಸವಿಲ್ಲ.

ನಾಲ್ಕನೆಯ ಉತ್ತರ

ಒಂದು ವಿಷಯ ಮಾತ್ರ ಸೇರಿಸುತ್ತೇನೆ. 137 ಇಂಚಿನ ಗಾಡಿ ಇಷ್ಟು ದಿನ ನಿಮ್ಮನ್ನು ಕಡಿದಾದ ಏರುಗಳಿಂದ ತಾನಾಗಿಯೇ ದೂರವಿಟ್ಟಿತ್ತು. ಹೊಸ ಗಾಡಿ ಹಾಗೆ ತಡೆಯುವುದಿಲ್ಲ. ಚಪ್ಪಡಿಯಾಗಿ ಜಾರುವ ಹಿಮಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲೇ ಸಂಭವಿಸುತ್ತವೆ, ಉದ್ದನೆಯ ಟ್ರ್ಯಾಕ್ ನಿಮ್ಮನ್ನು ಸಲೀಸಾಗಿ ಕರೆದೊಯ್ಯುವುದೂ ಅಲ್ಲಿಗೇ. ಒಬ್ಬರು ಏರಿನಲ್ಲಿ ಹೂತಾಗ ಇನ್ನೊಬ್ಬರು ನೆರವಿಗೆಂದು ಅದೇ ಏರಿಗೆ ಹತ್ತುವ ಅಭ್ಯಾಸ ನಿಮ್ಮ ಗುಂಪಿನಲ್ಲಿದ್ದರೆ ದಯವಿಟ್ಟು ನಿಲ್ಲಿಸಿ. ಆ ಎರಡನೆಯ ಭಾರಕ್ಕೇ ಇಳಿಜಾರು ಕಳಚಿಕೊಳ್ಳಬಹುದು. ಬೀಕನ್ (ಹಿಮದಡಿ ಹೂತವರನ್ನು ಪತ್ತೆಹಚ್ಚಲು ನೆರವಾಗುವ ರೇಡಿಯೊ ಸಾಧನ), ಶೋಧನಾ ಕೋಲು, ಸಲಿಕೆ ಮೂರೂ ಪ್ರತಿಯೊಬ್ಬರ ಮೈಮೇಲಿರಬೇಕು, ಗಾಡಿಯ ಚೀಲದಲ್ಲಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಿಮಕುಸಿತದ ಸುರಕ್ಷತಾ ತರಬೇತಿಗೆ ಈಗಾಗಲೇ ಹೆಸರು ನೋಂದಾಯಿಸಿದ್ದೇನೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ಹಿಮ ಬೆರಳ ಸಂದಿಯಿಂದ ಉದುರುತ್ತದೆ, ಫೆಬ್ರವರಿ ಕಳೆದ ಮೇಲೆ ಉಂಡೆ ಕಟ್ಟುತ್ತದೆ. 154ರ ಕಡೆಗೆ ಮನಸ್ಸು ವಾಲಿದೆ. ಆದರೆ ಬೆಟ್ಟದ ಬುಡ ಮುಟ್ಟುವ ಮೊದಲು 15 ಕಿಲೋಮೀಟರ್ ಗಟ್ಟಿಯಾದ ಹಾದಿಯಿದೆ. ಬೆಟ್ಟದ ಟ್ರ್ಯಾಕ್‌ಗೆ ಅದರಿಂದ ಹಾನಿಯಾಗುತ್ತದೆಯೇ?

ಮೊದಲ ಉತ್ತರ ಬರೆದವರು

ಗಮನಿಸದೆ ಓಡಿಸಿದರೆ ಆಗುತ್ತದೆ. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಗಳಿಗೂ ಟ್ರ್ಯಾಕ್ ಮೇಲಿನ ಲೋಹದ ಹೊದಿಕೆಯೊಳಗಿದ್ದು ಎಂಜಿನ್ನಿನ ಶಾಖ ಹೀರುವ ಕೂಲರ್‌ಗೂ ತಂಪು ಸಿಗುವುದು ಟ್ರ್ಯಾಕ್ ಎರಚುವ ಹಿಮದಿಂದ. ಗಟ್ಟಿ ಹಾದಿಯಲ್ಲಿ ಅದು ಎರಚುವುದೇ ಇಲ್ಲ. ಒಂದು ಮಾರ್ಚ್ ಬೆಳಿಗ್ಗೆ ಮಂಜುಗಟ್ಟಿದ ಹಾದಿಯಲ್ಲಿ ಎಂಟು ಕಿಲೋಮೀಟರ್ ಹೋಗುವಷ್ಟರಲ್ಲಿ ನನಗೆ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ಇಳಿದು ನೋಡಿದರೆ ಒಂದು ಪಟ್ಟಿಯ ಅಂಚು ಕರಗಿ, ಟ್ರ್ಯಾಕ್‌ನ ಲೋಹದ ಕ್ಲಿಪ್ಪುಗಳಿಗೆ ಕಪ್ಪಾಗಿ ಮೆತ್ತಿಕೊಂಡಿತ್ತು. ಗಾಡಿಗೆ ಸ್ಕ್ರ್ಯಾಚರ್ ಹಾಕಿಸಿಕೊಳ್ಳಿ: ಹಾದಿಯನ್ನು ಗೀರಿ ಹಿಮದ ಚೂರುಗಳನ್ನು ಟ್ರ್ಯಾಕ್‌ನೊಳಕ್ಕೆ ಚಿಮ್ಮಿಸುವ ಸ್ಪ್ರಿಂಗ್ ತಂತಿಗಳವು. ಹಾದಿ ಸೇರಿದ ಕೂಡಲೇ ಅವನ್ನು ಕೆಳಗಿಳಿಸಿ, ಹಿಂದಕ್ಕೆ ಬರುವ ಮುನ್ನ ಮೇಲೆ ಸಿಕ್ಕಿಸಿ, ಏಕೆಂದರೆ ಹಿಂದಕ್ಕೆ ತೆಗೆಯುವಾಗ ಅವು ಮುರಿಯುವುದುಂಟು. ಕೂಲಂಟ್ ಉಷ್ಣಾಂಶ ಏರತೊಡಗಿದರೆ ಹಾದಿಯ ಅಂಚಿನ ಮೆತ್ತನೆಯ ಹಿಮಕ್ಕೆ ಗಾಡಿ ಇಳಿಸಿ ನೂರು ಮೀಟರ್ ಓಡಿಸಿ, ಮತ್ತೆ ಹಾದಿ ಹಿಡಿಯಿರಿ.