‘ಮರುಪ್ರಸಾರ’ ಅಂದರೆ ಆಗಲೇನಾ, ಆಮೇಲಾ?

ನಮಸ್ಕಾರ. ಪುಣೆಯಿಂದ ಬರೆಯುತ್ತಿದ್ದೇನೆ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಕಳೆದ ನವೆಂಬರಿನಲ್ಲಿ ನಮ್ಮ ಬಳಗದ ರಾಜ್ಯೋತ್ಸವ ಇತ್ತು. ಸಭಾಂಗಣ ಚಿಕ್ಕದು. ಜಾಗ ಸಿಗದವರಿಗೆ ಅಂತ ಕೆಳಗಿನ ಕೋಣೆಯಲ್ಲಿ ದೊಡ್ಡ ಪರದೆ ಹಾಕಿದ್ದೆವು. ‘ಕೆಳಗಿನ ಕೋಣೆಯಲ್ಲಿ ಮರುಪ್ರಸಾರ ಇರುತ್ತದೆ’ ಎಂದು ಕರೆಯೋಲೆಯಲ್ಲಿ ಬರೆದವಳು ನಾನೇ. ಕೆಲವರು ಅದನ್ನು ‘ಆಮೇಲೆ ಇನ್ನೊಮ್ಮೆ ತೋರಿಸುತ್ತಾರೆ’ ಅಂತ ಓದಿಕೊಂಡು ಎಲ್ಲ ಮುಗಿದ ಮೇಲೆ ಬಂದರು. ಪಿಂಪ್ರಿಯಿಂದ ಬಂದ ಒಬ್ಬ ಅಜ್ಜಿ ಖಾಲಿ ಪರದೆಯ ಮುಂದೆ ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅವರು ಓದಿಕೊಂಡದ್ದು ತಪ್ಪಲ್ಲ. ನಿನ್ನೆಯ ಧಾರಾವಾಹಿಯನ್ನು ಇವತ್ತು ಮತ್ತೆ ಹಾಕಿದರೆ ಮರುಪ್ರಸಾರ. ಒಂದು ಊರಿನಿಂದ ಹೊರಟದ್ದನ್ನು ಇನ್ನೊಂದು ಊರಿನ ಟವರ್ ಹಿಡಿದು ಅದೇ ಗಳಿಗೆಯಲ್ಲಿ ಮುಂದಕ್ಕೆ ಕಳಿಸಿದರೂ ಮರುಪ್ರಸಾರವೇ. ಒಂದರಲ್ಲಿ ಹೊತ್ತು ಬೇರೆ, ಇನ್ನೊಂದರಲ್ಲಿ ಜಾಗ ಬೇರೆ.

ಪುಣೆಯಲ್ಲಿ ಇರುವವರಿಗೆ ಇದು ಜಾಸ್ತಿ ತಟ್ಟುತ್ತದೆ. ಮುಂಬೈ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಮರುವರ್ಷ ಪುಣೆಗೂ ರಿಲೇ, ಅಂದರೆ ಅದೇ ಗಳಿಗೆಯಲ್ಲಿ ಮುಂದಕ್ಕೆ ದಾಟಿಸುವ ಏರ್ಪಾಡು, ಬಂತು. ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತಿದವರೆಲ್ಲ ಅಲ್ಲಿನ ಟಿವಿ ಟವರ್ ನೋಡಿರುತ್ತೀರಿ. ಟಿವಿಯ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುತ್ತದೆ. ಮುಂಬೈಗೂ ಪುಣೆಗೂ ನಡುವೆ ಸಹ್ಯಾದ್ರಿ ಅಡ್ಡ ನಿಂತಿದೆ. ಎತ್ತರದಲ್ಲಿ ಒಂದು ಟವರ್ ಅದನ್ನು ಹಿಡಿದು ದಾಟಿಸಲೇಬೇಕಿತ್ತು. ಈ ಕೆಲಸಕ್ಕೆ ಮರಾಠಿಯಲ್ಲಿ ‘ಸಹಕ್ಷೇಪಣ’ ಅನ್ನುತ್ತಾರೆ. ಮತ್ತೆ ತೋರಿಸುವುದು ‘ಪುನಃಪ್ರಕ್ಷೇಪಣ’. ಗೊಂದಲವೇ ಇಲ್ಲ.

ಹಾಗಂತ ಮರಾಠಿಯ ಪದವನ್ನೇ ಸುಮ್ನೆ ಎತ್ತಿಕೊಳ್ಳುವುದು ನನಗೆ ಒಗ್ಗುವುದಿಲ್ಲ. ಇಲ್ಲಿ ಬೆಳೆದ ನಮ್ಮ ಮಕ್ಕಳು ಕನ್ನಡದಲ್ಲೂ ನೇರ ಪ್ರಸಾರಕ್ಕೆ ಮರಾಠಿಯ ‘ಥೇಟ್ ಪ್ರಕ್ಷೇಪಣ’ ಅನ್ನುತ್ತಾರೆ. ನಮಗೆ ‘ಪ್ರಕ್ಷಿಪ್ತ’ ಅಂದರೆ ಹಳೆಯ ಕಾವ್ಯದೊಳಗೆ ಯಾರೋ ಆಮೇಲೆ ಸೇರಿಸಿದ ಪದ್ಯ ಅಲ್ವಾ? ‘ನೇರ ಪ್ರಸಾರ’ ಚೆನ್ನಾಗಿಯೇ ಇದೆ. ‘ಬಿತ್ತರ’ ಇನ್ನೂ ಇಷ್ಟ. ಅದು ‘ವಿಸ್ತರ’ದ ತದ್ಭವ. ಆದರೂ ಕೇಳಿದಾಗಲೆಲ್ಲ ಬೀಜ ಬಿತ್ತುವ ಕೈ ಕಣ್ಣ ಮುಂದೆ ಬರುತ್ತದೆ. ಇಂಗ್ಲಿಷಿನ ಬ್ರಾಡ್‌ಕಾಸ್ಟ್ ಮಾತ್ರ ನಿಜವಾಗಿಯೂ ಹೊಲದ ಮಾತು. ರೇಡಿಯೊ ಬರುವ ಮೊದಲು ಅದಕ್ಕೆ ಬೀಜ ಎರಚುವುದು ಅಂತಲೇ ಅರ್ಥ ಇತ್ತು.

ರಿಲೇಗೆ ‘ಸಹಪ್ರಸಾರ’ ಅಂದು, ‘ಮರುಪ್ರಸಾರ’ವನ್ನು ಮತ್ತೆ ತೋರಿಸುವುದಕ್ಕೆ ಮಾತ್ರ ಇಟ್ಟುಕೊಳ್ಳಬಹುದು ಅನ್ನಿಸುತ್ತದೆ. ಅಜ್ಜಿಗೆ ಅದು ಥಟ್ಟನೆ ತಿಳಿಯುತ್ತದೆಯೇ? ‘ಅದೇ ಹೊತ್ತಿಗೆ ಕೆಳಗೂ ಕಾಣುತ್ತದೆ’ ಅಂದರೆ ಸಾಕೇ? ಧಾರವಾಡ, ಕಲಬುರಗಿ, ಮಂಗಳೂರಿನ ಕಡೆ ಬಾಯಲ್ಲಿ ಬೇರೆ ಮಾತು ಓಡಾಡುತ್ತಿದ್ದರೆ ದಯವಿಟ್ಟು ಬರೆಯಿರಿ. ಈ ವರ್ಷದ ಕರೆಯೋಲೆ ಇನ್ನೂ ಅಚ್ಚಿಗೆ ಹೋಗಿಲ್ಲ.